ಸಿಹಿ ತಿನ್ನದವರ ಮೈಯೊಳಗಿನ ಸಕ್ಕರೆ

ನಮ್ಮ ನೆಂಟರಿಷ್ಟರಲ್ಲಿ ನಲವತ್ತು ದಾಟಿದವರು ಯಾರೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದರೂ ವರದಿಯ ಕೊನೆಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 1’, ಎಂದರೆ ಲಿವರಿನಲ್ಲಿ ಕೊಬ್ಬು ಸೇರಿದೆ ಎಂಬ ಸಾಲು ಈಗ ಹೆಚ್ಚುಕಡಿಮೆ ಖಾಯಂ ಆಗಿಬಿಟ್ಟಿದೆ. ಇವರಲ್ಲಿ ಬಹುತೇಕರು ಕುಡಿಯುವವರಲ್ಲ, ಹಲವರು ನೋಡುವುದಕ್ಕೆ ದಪ್ಪಗೂ ಇಲ್ಲ. ಬೆಳಗಿನ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿದರೆ ‘ಶುಗರ್ ನಾರ್ಮಲ್’ ಎಂದೇ ಬರುತ್ತದೆ. ಅಕ್ಕನ ಯಜಮಾನರಿಗೂ ಹೀಗೇ ಆಯಿತು. ಡಾಕ್ಟರು ಸಕ್ಕರೆ ಕಡಿಮೆ ಮಾಡಿ ಎಂದಾಗ ಭಾವನವರು ಕೊಟ್ಟ ಉತ್ತರ, “ನಾನು ಸ್ವೀಟ್ ಮುಟ್ಟೋದೇ ಇಲ್ಲವಲ್ಲ ಸಾರ್” ಎಂಬುದು. ಅದು ಸುಳ್ಳಲ್ಲ. ಮದುವೆ ಮನೆಯಲ್ಲಿ ಎಲೆಗೆ ಬಡಿಸಿದ ಜಿಲೇಬಿಯನ್ನು ಪಕ್ಕದವರಿಗೆ ದಾಟಿಸುವ ಮನುಷ್ಯ ಅವರು.

ಆದರೆ ಅವರ ಒಂದು ದಿನವನ್ನು ಕುಳಿತು ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಒಂದು ಕಾಫಿ, ಆಫೀಸಿನಲ್ಲಿ ಮೂರು ಸಲ ಟೀ, ಅದರ ಜೊತೆಗೆ ಎರಡೆರಡು ಗ್ಲೂಕೋಸ್ ಬಿಸ್ಕೆಟ್ಟು, ಸಂಜೆ ಮನೆಗೆ ಬಂದ ಮೇಲೆ ಮತ್ತೊಂದು ಕಾಫಿ, ರಾತ್ರಿ ಮಲಗುವ ಮುಂಚೆ ಶಕ್ತಿ ಬರಲೆಂದು ಮಾಲ್ಟ್ ಪುಡಿ ಬೆರೆಸಿದ ಹಾಲು. ಟೀ ಚಮಚದಲ್ಲಿ ಸಕ್ಕರೆಯನ್ನು ಮಟ್ಟಸವಾಗಿ ತೆಗೆದರೆ ಸುಮಾರು 4 ಗ್ರಾಂ ತೂಗುತ್ತದೆ. ನಾವು ಸಾಮಾನ್ಯವಾಗಿ ತೆಗೆಯುವಂತೆ ರಾಶಿಯಾಗಿ ತೆಗೆದರೆ 6 ಗ್ರಾಂ ಮೀರುತ್ತದೆ. ಲೋಟಕ್ಕೆ ಎರಡು ಮಟ್ಟಸ ಚಮಚ ಎಂದೇ ಹಿಡಿದರೂ ಐದು ಲೋಟಕ್ಕೆ 40 ಗ್ರಾಂ ಆಯಿತು. ಬಿಸ್ಕೆಟ್ಟಿನ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸಕ್ಕರೆಯೇ ಇರುತ್ತದೆ. ಮಾಲ್ಟ್ ಪುಡಿಯೊಳಗೆ ಸಕ್ಕರೆ ಇರುವುದು ಸಾಲದೆಂದು ಮೇಲೆ ಇನ್ನೊಂದು ಚಮಚ ಬೀಳುತ್ತದೆ. ಎಲ್ಲವೂ ಸೇರಿ, ಒಂದು ತುಂಡು ಮೈಸೂರು ಪಾಕನ್ನೂ ತಿನ್ನದೆ, ದಿನಕ್ಕೆ 55 ಗ್ರಾಂ ಸಲೀಸಾಗಿ ಒಳಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ರೊಳಗೆ ಇರಬೇಕು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವವರಿಗೆ ಅದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ.

ನಮ್ಮ ಕಡೆ ಸಕ್ಕರೆಯ ವಿಷಯ ಬಂದಾಗಲೆಲ್ಲ ಬೆರಳು ಹಬ್ಬದ ಹೋಳಿಗೆಯ ಕಡೆಗೆ ಹೋಗುತ್ತದೆ. ಹಬ್ಬದ ಊಟ ವರ್ಷಕ್ಕೆ ಕೆಲವು ಸಲದ ಮಾತು. ಯಾರ ಲೆಕ್ಕಕ್ಕೂ ಸಿಗದೆ, ದಿನಕ್ಕೆ ಆರೇಳು ಸಲ, ಹೆಚ್ಚಾಗಿ ದ್ರವರೂಪದಲ್ಲಿ ಒಳಗೆ ಹೋಗುವ ಸಕ್ಕರೆಯೇ ನಮ್ಮ ಚಯಾಪಚಯವನ್ನು, ಎಂದರೆ ತಿಂದದ್ದನ್ನು ಮೈ ಬಳಸಿಕೊಳ್ಳುವ ಕ್ರಮವನ್ನು, ಹದಗೆಡಿಸುತ್ತಿರುವುದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ಹದಗೆಡುವುದು ರಕ್ತದ ಸಕ್ಕರೆ ಏರುವುದಕ್ಕೆ ಎಷ್ಟೋ ವರ್ಷ ಮೊದಲು ಎನ್ನುವುದನ್ನು ನಾವು ಇನ್ನೂ ಸರಿಯಾಗಿ ಮನಸ್ಸಿಗೆ ತಂದುಕೊಂಡಿಲ್ಲ.

ಇದು ಅರ್ಥವಾಗಬೇಕಾದರೆ ಸಕ್ಕರೆ ಮೈಯೊಳಗೆ ಏನಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ನಾವು ಬಳಸುವ ಸಕ್ಕರೆ ಎಂದರೆ ಸುಕ್ರೋಸ್. ಅದರ ಪ್ರತಿಯೊಂದು ಅಣುವೂ ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಸೇರಿ ಆದದ್ದು. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಸುಕ್ರೇಸ್ ಎಂಬ ಕಿಣ್ವ ಈ ಜೋಡಿಯನ್ನು ಬಿಡಿಸುತ್ತದೆ, ಅಲ್ಲಿಂದ ಮುಂದೆ ಎರಡರ ದಾರಿಯೂ ಬೇರೆ. ಗ್ಲೂಕೋಸನ್ನು ಮಿದುಳು, ಸ್ನಾಯು, ಹೃದಯ ಎಲ್ಲವೂ ಬಳಸಿಕೊಳ್ಳುತ್ತವೆ, ಸ್ನಾಯು, ಹೃದಯಗಳು ಅದನ್ನು ಒಳಗೆಳೆದುಕೊಳ್ಳಲು ಇನ್ಸುಲಿನ್ ಎಂಬ ಹಾರ್ಮೋನು ನೆರವಾಗುತ್ತದೆ. ಫ್ರಕ್ಟೋಸನ್ನು ಕರುಳು ಒಂದಿಷ್ಟು ನಿಭಾಯಿಸುತ್ತದೆ. ಉಳಿದದ್ದರ ಬಹುಪಾಲು ನೇರವಾಗಿ ಯಕೃತ್ತಿಗೆ, ಎಂದರೆ ಲಿವರಿಗೆ ಹೋಗುತ್ತದೆ.

ಯಕೃತ್ತಿನೊಳಗೆ ಗ್ಲೂಕೋಸನ್ನು ಒಡೆಯುವ ಹಾದಿಯಲ್ಲಿ ಫಾಸ್ಫೊಫ್ರಕ್ಟೊಕೈನೇಸ್ ಎಂಬ ಕಿಣ್ವವೊಂದು ಕಾವಲಿದೆ. ಜೀವಕೋಶದಲ್ಲಿ ಸಾಕಷ್ಟು ಶಕ್ತಿ ಇದೆ ಎಂದು ಗೊತ್ತಾದರೆ ಅದು ವೇಗ ತಗ್ಗಿಸುತ್ತದೆ. ಫ್ರಕ್ಟೋಸ್ ಬೇರೊಂದು ಕಿಣ್ವದ ಮೂಲಕ ಒಳಬಂದು ಈ ಕಾವಲಿನ ಕೆಳಗಡೆಯಿಂದ ಸೇರಿಕೊಳ್ಳುತ್ತದೆ. ನಾಲೆಯ ತೂಬು ಮುಚ್ಚಿದ್ದರೂ ತೂಬಿನ ಕೆಳಗೆ ಏರಿ ಒಡೆದು ಗದ್ದೆಗೆ ನೀರು ನುಗ್ಗಿದಂತೆ, ಬೇಕೋ ಬೇಡವೋ ಎಂದು ಕೇಳುವವರಿಲ್ಲದೆ ಅದು ಒಳಗೆ ತುಂಬುತ್ತದೆ. ಹೀಗೆ ಬಂದದ್ದನ್ನು ಯಕೃತ್ತು ತಕ್ಷಣ ಖರ್ಚು ಮಾಡಲಾರದೆ ಒಂದು ಪಾಲನ್ನು ಕೊಬ್ಬಾಗಿ ಕಟ್ಟುತ್ತದೆ. ಆ ಕೊಬ್ಬಿನಲ್ಲಿ ಸ್ವಲ್ಪ ಯಕೃತ್ತಿನಲ್ಲೇ ಉಳಿಯುತ್ತದೆ, ಸ್ವಲ್ಪ ರಕ್ತಕ್ಕೆ ಸೇರಿ ಟ್ರೈಗ್ಲಿಸರೈಡ್ ಆಗಿ ಲಿಪಿಡ್ ಪರೀಕ್ಷೆಯ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಫ್ರಕ್ಟೋಸನ್ನು ಹೀಗೆ ಅವಸರದಲ್ಲಿ ಸಂಸ್ಕರಿಸುವಾಗ ಕೋಶದ ಶಕ್ತಿಯ ದಾಸ್ತಾನು ಕರಗಿ ಯೂರಿಕ್ ಆಮ್ಲವೂ ಹೆಚ್ಚುತ್ತದೆ.

ಮುಂದಿನ ಹಂತವೇ ಮುಖ್ಯವಾದದ್ದು. ಕೊಬ್ಬು ತುಂಬಿಕೊಂಡ ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ರಕ್ತದಲ್ಲಿ ಸಾಕಷ್ಟು ಗ್ಲೂಕೋಸ್ ಇದ್ದರೂ ರಾತ್ರಿಯೆಲ್ಲ ತಾನೂ ಗ್ಲೂಕೋಸ್ ತಯಾರಿಸಿ ಹೊರಗೆ ಬಿಡುತ್ತಿರುತ್ತದೆ. ಇದನ್ನು ಹತೋಟಿಗೆ ತರಲು ಮೇದೋಜ್ಜೀರಕ ಗ್ರಂಥಿ ಮೊದಲಿಗಿಂತ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಅದು ಸುರಿಸುವಷ್ಟು ಕಾಲ ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ‘ನಾರ್ಮಲ್’ ಆಗಿಯೇ ಇರುತ್ತದೆ. ಐದು, ಹತ್ತು, ಕೆಲವರಲ್ಲಿ ಅದಕ್ಕೂ ಹೆಚ್ಚು ವರ್ಷ ಹೀಗೆ ಕಳೆಯಬಹುದು. ಗ್ರಂಥಿ ಸೋತ ಮೇಲೆ ಮಾತ್ರ ವರದಿಯಲ್ಲಿ ಕೆಂಪು ಅಕ್ಷರ ಬರುತ್ತದೆ. ಆಗ ನಾವು ‘ನಿನ್ನೆ ಮೊನ್ನೆ ಶುಗರ್ ಬಂತು’ ಎನ್ನುತ್ತೇವೆ.

ಹಾಗಾದರೆ ಮಾವಿನಹಣ್ಣು, ಬಾಳೆಹಣ್ಣುಗಳಲ್ಲೂ ಫ್ರಕ್ಟೋಸ್ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಇಡೀ ಹಣ್ಣಿನಲ್ಲಿ ಅದು ನಾರಿನ ಜೊತೆ, ನೀರಿನ ಜೊತೆ, ಅಗಿಯುವ ಶ್ರಮದ ಜೊತೆ ನಿಧಾನವಾಗಿ ಇಳಿಯುತ್ತದೆ. ಸಣ್ಣ ಪ್ರಮಾಣದ ಫ್ರಕ್ಟೋಸನ್ನು ಸಣ್ಣ ಕರುಳೇ ಬಹುಮಟ್ಟಿಗೆ ಪರಿವರ್ತಿಸಿಬಿಡುತ್ತದೆ, ಪ್ರಮಾಣ ಹೆಚ್ಚಾದಾಗ ಮಾತ್ರ ಉಕ್ಕಿ ಯಕೃತ್ತಿಗೆ ಹರಿಯುತ್ತದೆ ಎಂದು 2018ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು ತೋರಿಸಿತು. ಹೀಗಾಗಿ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಬೇಗ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಒಂದು ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿದು, ಅಗಿದು, ಸಿಪ್ಪೆ ಉಗಿದು ಮುಗಿಸುವುದಕ್ಕೆ ಮಕ್ಕಳಿಗೆ ಅರ್ಧ ಗಂಟೆ ಬೇಕು, ದವಡೆ ನೋಯುತ್ತದೆ, ಇನ್ನೊಂದು ಕೊಟ್ಟರೆ ಬೇಡ ಎನ್ನುತ್ತಾರೆ. ಅದೇ ಕಬ್ಬನ್ನು ಗಾಣಕ್ಕೆ ಕೊಟ್ಟು ಹಾಲು ತೆಗೆದರೆ 30 ಗ್ರಾಮಿಗೆ ಕಡಿಮೆಯಿಲ್ಲದ ಸಕ್ಕರೆ ದೊಡ್ಡದೊಂದು ಲೋಟದಲ್ಲಿ ಎರಡು ನಿಮಿಷಕ್ಕೆ ಇಳಿದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸವನ್ನೂ ಜೇನುತುಪ್ಪವನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಪಟ್ಟಿಗೆ ಸೇರಿಸಿ, ಇಡೀ ಹಣ್ಣನ್ನು ಮಾತ್ರ ಹೊರಗಿಟ್ಟದ್ದು ಇದಕ್ಕೇ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಸಕ್ಕರೆಯನ್ನು ವಿಷ ಎಂದು ಕರೆಯುವ ವಿಡಿಯೋಗಳು ಈಗ ವಾಟ್ಸ್ಆ್ಯಪಿನಲ್ಲಿ ದಿನಕ್ಕೊಂದು ಬರುತ್ತವೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಒಟ್ಟು ಕ್ಯಾಲೊರಿಯನ್ನು ಸಮಸಮ ಇಟ್ಟು, ಬೇರೆ ಪಿಷ್ಟದ ಬದಲು ಸಕ್ಕರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ದೇಹದ ತೂಕ ಹೇಳಿಕೊಳ್ಳುವಷ್ಟು ಬದಲಾಗಿಲ್ಲ. ಸಕ್ಕರೆಯಿಂದ ತೂಕ ಏರುವುದು ಬಹುಮಟ್ಟಿಗೆ ಅದು ಹೊಟ್ಟೆ ತುಂಬಿದ ಭಾವ ಕೊಡದೆ ಹೆಚ್ಚುವರಿ ಕ್ಯಾಲೊರಿಯಾಗಿ ಸೇರಿಕೊಳ್ಳುವುದರಿಂದ. ಆದರೆ ತೂಕ ಒಂದೇ ಇದ್ದಾಗಲೂ ಕೊಬ್ಬು ಎಲ್ಲಿ ಕೂರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಕಿಂಬರ್ ಸ್ಟಾನ್‌ಹೋಪ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು 10 ವಾರ ಗ್ಲೂಕೋಸಿನ ಪಾನೀಯವನ್ನೂ ಇನ್ನೊಂದು ಗುಂಪು ಫ್ರಕ್ಟೋಸಿನ ಪಾನೀಯವನ್ನೂ ದಿನದ ಶಕ್ತಿಯ ಶೇ. 25ರಷ್ಟು ಪ್ರಮಾಣದಲ್ಲಿ ಕುಡಿದವು. ಎರಡೂ ಗುಂಪಿನವರ ತೂಕ ಹೆಚ್ಚುಕಡಿಮೆ ಒಂದೇ ಸಮ ಏರಿತು. ಆದರೆ ಹೊಟ್ಟೆಯೊಳಗೆ ಅಂಗಾಂಗಗಳ ಸುತ್ತ ಕೊಬ್ಬು ಹೆಚ್ಚಿದ್ದು, ಇನ್ಸುಲಿನ್ನಿಗೆ ಮೈ ಸ್ಪಂದಿಸುವುದು ತಗ್ಗಿದ್ದು ಫ್ರಕ್ಟೋಸ್ ಕುಡಿದವರಲ್ಲಿ. ಶೇ. 25 ಎಂಬುದು ನಿತ್ಯಜೀವನಕ್ಕೆ ದೊಡ್ಡ ಪ್ರಮಾಣವೇ, ನಿಜ. ಆದರೂ ದಾರಿ ಯಾವ ಕಡೆಗಿದೆ ಎಂಬುದು ಅದರಲ್ಲಿ ಕಾಣುತ್ತದೆ.

ನನಗೆ ಹೆಚ್ಚು ಭರವಸೆ ಕೊಟ್ಟದ್ದು ತಿರುಗು ದಾರಿಯ ಅಧ್ಯಯನ. ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದ 40 ಹದಿಹರೆಯದ ಹುಡುಗರ ಮೇಲೆ ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಅದು. ಅರ್ಧದಷ್ಟು ಹುಡುಗರಿಗೆ 8 ವಾರ ಸಕ್ಕರೆಯನ್ನು ಬಹಳ ಕಡಿಮೆ ಮಾಡಿದ ಆಹಾರ ಕೊಡಲಾಯಿತು, ಉಳಿದವರು ಎಂದಿನಂತೆ ತಿಂದರು. ಮೊದಲನೆಯ ಗುಂಪಿನಲ್ಲಿ ಯಕೃತ್ತಿನ ಕೊಬ್ಬು ಸರಾಸರಿ ಶೇ. 25ರಿಂದ ಶೇ. 17ಕ್ಕೆ ಇಳಿಯಿತು, ಎರಡನೆಯದರಲ್ಲಿ ಶೇ. 21ರಿಂದ ಶೇ. 20ಕ್ಕೆ ಬಂದು ನಿಂತಿತು. ಎಂಟೇ ವಾರ. ಇದರಲ್ಲಿ ನನ್ನ ಗಮನ ಸೆಳೆದ ಸಂಗತಿ ಬೇರೊಂದಿದೆ: ಸಂಶೋಧಕರು ಊಟವನ್ನು ಹುಡುಗನೊಬ್ಬನಿಗೆ ಮಾತ್ರ ಕಳಿಸಲಿಲ್ಲ, ಇಡೀ ಮನೆಯವರಿಗೆ ಕಳಿಸಿದರು. ಮನೆಯ ಡಬ್ಬಿಯಲ್ಲಿ ಬಿಸ್ಕೆಟ್ಟು ಇಟ್ಟುಕೊಂಡು ಒಬ್ಬನಿಗೆ ಮಾತ್ರ ಪಥ್ಯ ಹೇಳಿದರೆ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಕ್ಕನ ಮನೆಯಲ್ಲಿ ಮೊದಲ ಎರಡು ತಿಂಗಳು ಭಾವನವರಿಗೆ ಮಾತ್ರ ಸಕ್ಕರೆಯಿಲ್ಲದ ಕಾಫಿ ಕೊಟ್ಟಾಗ ಅವರು ಮುಖ ಸಿಂಡರಿಸಿಕೊಂಡು ಕುಡಿದು, ಆಫೀಸಿನ ಹತ್ತಿರ ಹೋಗಿ ಬೈಟು ಹೆಚ್ಚಾಗಿ ಕುಡಿಯುತ್ತಿದ್ದರು. ಆಮೇಲೆ ಅಕ್ಕ ಇಡೀ ಮನೆಗೆ ಒಂದೇ ಅಳತೆ ಮಾಡಿದಳು. ಚಿಕೋರಿ ಹೆಚ್ಚಿದ್ದ ಪುಡಿಯನ್ನು ಬಿಟ್ಟು ಒಳ್ಳೆಯ ಪುಡಿ ತಂದು, ಡಿಕಾಕ್ಷನ್ ಹದವಾಗಿ ಇಳಿಸಿ, ಸಕ್ಕರೆಯನ್ನು ಎರಡು ಚಮಚದಿಂದ ಒಂದೂವರೆಗೆ, ಒಂದಕ್ಕೆ, ಅರ್ಧಕ್ಕೆ ಎಂದು ತಿಂಗಳಿಗೊಂದು ಮೆಟ್ಟಿಲು ಇಳಿಸಿದಳು. ಕೆಟ್ಟ ಡಿಕಾಕ್ಷನ್ನಿನ ಕಹಿಯನ್ನು ಮುಚ್ಚುವುದಕ್ಕೇ ಇಷ್ಟು ದಿನ ಒಂದು ಚಮಚ ಸಕ್ಕರೆ ಖರ್ಚಾಗುತ್ತಿತ್ತು ಎಂಬುದು ಆಗ ಗೊತ್ತಾಯಿತು. ರಾತ್ರಿಯ ಹಾಲು ಬರೀ ಹಾಲಾಯಿತು. ಭಾವನವರ ಟ್ರೈಗ್ಲಿಸರೈಡ್ 200ರ ಮೇಲಿದ್ದದ್ದು ಈಗ 150ರ ಆಸುಪಾಸಿಗೆ ಬಂದಿದೆ. ಸಂಜೆಯ ನಡಿಗೆಯೂ ಅದರಲ್ಲಿ ಪಾಲು ಪಡೆದಿರುತ್ತದೆ, ಎಲ್ಲವನ್ನೂ ಸಕ್ಕರೆಯ ಖಾತೆಗೆ ಬರೆಯುವುದು ಸರಿಯಲ್ಲ.

ಮನುಷ್ಯರನ್ನು ಹತ್ತಾರು ವರ್ಷ ಪ್ರಯೋಗದಲ್ಲಿ ಇಡುವುದು ಸಾಧ್ಯವಿಲ್ಲವಾದ್ದರಿಂದ, ಸಕ್ಕರೆಯ ದೀರ್ಘಕಾಲದ ಪರಿಣಾಮವನ್ನು ಅಳೆಯುವುದು ಕಷ್ಟ. ಆದರೆ ಬ್ರಿಟನ್ನಿನ ಚರಿತ್ರೆಯೇ ಇಂಥದೊಂದು ಪ್ರಯೋಗವನ್ನು ಮಾಡಿಟ್ಟಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಅಲ್ಲಿ ಸಕ್ಕರೆಗೆ ಪಡಿತರ ಬಂತು. ಅದು ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ಪಡಿತರ ಇದ್ದಾಗ ವಯಸ್ಕರೊಬ್ಬರ ಬಳಕೆ ದಿನಕ್ಕೆ ಸುಮಾರು 40 ಗ್ರಾಂ ಇತ್ತು, ತೆಗೆದ ಕೂಡಲೇ ಅದು ಹೆಚ್ಚುಕಡಿಮೆ 80 ಗ್ರಾಮಿಗೆ ಜಿಗಿಯಿತು. ಪಡಿತರ ಮುಗಿಯುವುದಕ್ಕೆ ಸ್ವಲ್ಪ ಮೊದಲು ಹುಟ್ಟಿದವರನ್ನೂ ಸ್ವಲ್ಪ ನಂತರ ಹುಟ್ಟಿದವರನ್ನೂ, ಒಟ್ಟು 60,000ದಷ್ಟು ಜನರನ್ನು, ಹೋಲಿಸಿ ನೋಡಿದ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಾಯಿಯ ಗರ್ಭದಲ್ಲಿ ಮತ್ತು ಬದುಕಿನ ಮೊದಲ ವರ್ಷಗಳಲ್ಲಿ ಸಕ್ಕರೆ ಕಡಿಮೆ ಕಂಡವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಂಭವ ಸುಮಾರು ಶೇ. 35ರಷ್ಟು, ರಕ್ತದೊತ್ತಡದ ಸಂಭವ ಸುಮಾರು ಶೇ. 20ರಷ್ಟು ಕಡಿಮೆ ಇತ್ತು. ಕಾಯಿಲೆ ಬಂದವರಲ್ಲೂ ಮಧುಮೇಹ ಸರಾಸರಿ 4 ವರ್ಷ ತಡವಾಗಿ ಬಂದಿತ್ತು. ಐವತ್ತು ಅರವತ್ತು ವರ್ಷ ಬೇರೆಲ್ಲರಂತೆಯೇ ತಿಂದು ಬದುಕಿದವರ ಮೈ, ಮೊದಲ ಸಾವಿರ ದಿನಗಳ ಊಟವನ್ನು ಮರೆತಿರಲಿಲ್ಲ.

ಗರ್ಭದ ಮಾತು ಬಂದಾಗ ಮೈಸೂರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಮ್ಮ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳ ದಾಖಲೆ ಇದೆ. ಆ ದಾಖಲೆಯಿಂದಲೇ ಮೈಸೂರು ವಿಶ್ವಮಟ್ಟದ ಸಂಶೋಧನೆಯ ಜಾಗವಾಯಿತು. ಅಲ್ಲಿ 1997–98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಮಧುಮೇಹ ಕಂಡುಬಂತು. ಅವರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಒಂಬತ್ತು ಹತ್ತು ವರ್ಷದ ಹೊತ್ತಿಗೇ ಅವರ ಮೈಯಲ್ಲಿ ಕೊಬ್ಬು ಹೆಚ್ಚಾಗಿತ್ತು, ಇನ್ಸುಲಿನ್ ಏರಿತ್ತು. ಆ ಅಧ್ಯಯನ ಸಕ್ಕರೆಯನ್ನು ಕುರಿತದ್ದಲ್ಲ. ಆದರೆ ತಾಯಿಯ ರಕ್ತದ ಸಕ್ಕರೆ ಮಗುವಿನ ಚಯಾಪಚಯವನ್ನು ಹೇಗೆ ತಿದ್ದಿ ಬರೆಯುತ್ತದೆ ಎಂಬುದನ್ನು ನಮ್ಮದೇ ಊರಿನ ಮಕ್ಕಳಲ್ಲಿ ತೋರಿಸಿದ್ದು ಅದು. ಬಸುರಿಗೆ ಬಯಕೆ ಎಂದು ಡಬ್ಬಿ ಡಬ್ಬಿ ಸಿಹಿ ಹೊತ್ತು ಬರುವ ನಾವು, ಬಾಣಂತಿಗೆ ಹಾಲಿಗೆ ಎರಡೆರಡು ಚಮಚ ಸಕ್ಕರೆ ಹಾಕಿ ಕೊಡುವ ನಾವು, ಆರು ತಿಂಗಳ ಕೂಸಿನ ರಾಗಿ ಸರಿಗೆ ಸಕ್ಕರೆ ಹಾಕದಿದ್ದರೆ ಅದು ತಿನ್ನುವುದಿಲ್ಲ ಎಂದು ನಂಬಿರುವ ನಾವು, ಇದನ್ನು ತಿಳಿದುಕೊಳ್ಳಬೇಕು. ಆ ಕೂಸಿಗೆ ಸಪ್ಪೆ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಅದನ್ನು ಕಲಿಸುವವರು ನಾವು.

ಮೈಕಟ್ಟಿನ ವಿಷಯವೂ ಇದಕ್ಕೆ ಸೇರಿದ್ದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಮತ್ತು ಲಂಡನ್ನಿನ ಅವರ ಸಹೋದ್ಯೋಗಿ ಜಾನ್ ಯುಡ್ಕಿನ್ ಅವರು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1 ಇದ್ದರೆ ಯಾಜ್ಞಿಕರ ಮೈಯಲ್ಲಿ ಶೇ. 21.2 ಇತ್ತು. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಒಳಗೆ ಹೊಟ್ಟೆಯ ಸುತ್ತ ಕೊಬ್ಬು: ಇದು ನಮ್ಮಲ್ಲಿ ಬಹಳ ಜನರ ಮೈಕಟ್ಟು. ಗ್ಲೂಕೋಸನ್ನು ಹೀರಿಕೊಳ್ಳಬೇಕಾದ ಸ್ನಾಯುವೇ ಕಡಿಮೆ ಇದ್ದಾಗ, ಅನ್ನ ಮುದ್ದೆಗಳಿಂದಲೇ ಶಕ್ತಿಯ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಬರುತ್ತಿರುವಾಗ, ಅದರ ಮೇಲೆ ಬೀಳುವ 50 ಗ್ರಾಂ ಸಕ್ಕರೆ ಐರೋಪ್ಯನ ಮೈಯಲ್ಲಿ ಮಾಡುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಸಹಜ ಎಂದೇ ನನಗೆ ತೋರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ 10.1 ಕೋಟಿ ಮಧುಮೇಹಿಗಳನ್ನೂ ಅದರ ಹೊಸ್ತಿಲಲ್ಲಿರುವ 13.6 ಕೋಟಿ ಜನರನ್ನೂ ಅಂದಾಜು ಮಾಡಿತು. ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಸಂಖ್ಯೆ, ಏಕೆಂದರೆ ಇನ್ನೂ ಹಿಂದಿರುಗಬಹುದಾದವರು ಅವರು.

ಆದ್ದರಿಂದ ಖಾಲಿ ಹೊಟ್ಟೆಯ ಶುಗರ್ ಒಂದನ್ನೇ ನೋಡಿ ಸಮಾಧಾನಪಡಬಾರದು. ಟೇಪು ತೆಗೆದುಕೊಂಡು ಸೊಂಟ ಅಳೆಯುವುದಕ್ಕೆ ಖರ್ಚಿಲ್ಲ. ನಮ್ಮ ಜನಕ್ಕೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಟ್ರೈಗ್ಲಿಸರೈಡ್ 150 ಮುಟ್ಟಿರುವುದು, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿರುವುದು, ರಕ್ತದೊತ್ತಡ 130/85 ಮುಟ್ಟಿರುವುದು, ಬೆಳಗಿನ ಗ್ಲೂಕೋಸ್ 100 ಮುಟ್ಟಿರುವುದು, ಇವು ಉಳಿದ ನಾಲ್ಕು. ಐದರಲ್ಲಿ ಮೂರು ಇದ್ದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.7 ಮುಟ್ಟಿದ್ದರೆ ಹೊಸ್ತಿಲಿಗೆ ಬಂದಾಯಿತು ಎಂದು ಲೆಕ್ಕ.

ಸಕ್ಕರೆ ಬಿಟ್ಟು ಬೆಲ್ಲ ಹಿಡಿದಿದ್ದೇವೆ ಎನ್ನುವವರು ಈಗ ಬಹಳ. ನಾನು ಮಂಡ್ಯ ಸೀಮೆಯ ಕಬ್ಬಿನ ಮನೆಯಲ್ಲಿ ಬೆಳೆದವಳು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬಂದು ಅಚ್ಚಿಗೆ ಸುರಿಯುವಾಗ ಬರುವ ಆ ಪರಿಮಳಕ್ಕೆ ಸಮನಾದದ್ದು ನನಗೆ ಇಂದಿಗೂ ಗೊತ್ತಿಲ್ಲ. ಆದರೂ ಹೇಳಲೇಬೇಕು: ಬೆಲ್ಲದಲ್ಲಿ ಬಹುಪಾಲು ಸುಕ್ರೋಸೇ ಇರುವುದು, ಜೊತೆಗೆ ಬಿಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದಿಷ್ಟು. ಕಬ್ಬಿಣ ಮತ್ತಿತರ ಖನಿಜಗಳು ಇರುವುದು ನಿಜ, ಆದರೆ ಅವುಗಳಿಗಾಗಿ ಬೆಲ್ಲ ತಿನ್ನುವುದಕ್ಕಿಂತ ಒಂದು ಹಿಡಿ ಸೊಪ್ಪು, ಒಂದು ಮುದ್ದೆ ರಾಗಿ ತಿನ್ನುವುದು ಲೇಸು. ಯಕೃತ್ತಿಗೆ ಬೆಲ್ಲ ಯಾವುದು, ಸಕ್ಕರೆ ಯಾವುದು ಎಂದು ತಿಳಿಯುವುದಿಲ್ಲ. ಹೋಳಿಗೆಗೆ ಬೆಲ್ಲವೇ ಬೇಕು ಎಂದರೆ ಅದು ರುಚಿಯ ಮಾತು, ನನ್ನದೂ ಅದೇ ಪಕ್ಷ. ಶುಗರ್ ಇರುವವರಿಗೆ ಬೆಲ್ಲದ ಕಾಫಿ ಒಳ್ಳೆಯದು ಎಂದರೆ ಅದು ಅಪಾಯದ ಮಾತು. ಕ್ಯಾಲೊರಿಯಿಲ್ಲದ ಕೃತಕ ಸಿಹಿಗಳ ಬಗ್ಗೆಯೂ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ತೂಕ ಇಳಿಸುವುದಕ್ಕೆಂದು ಅವನ್ನು ಬಳಸಬೇಡಿ ಎಂದಿದೆ.

ಅಂಗಡಿಯ ಪೊಟ್ಟಣಗಳದು ಬೇರೆಯದೇ ಕಥೆ. 2020ರ ನಿಯಮಗಳ ಪ್ರಕಾರ ನಮ್ಮ ದೇಶದಲ್ಲಿ ಪೊಟ್ಟಣದ ಆಹಾರದ ಹಿಂಬದಿಯಲ್ಲಿ ಒಟ್ಟು ಸಕ್ಕರೆ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಬರೆದಿರುತ್ತಾರೆ, ಆದರೆ ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಮ್ಮೂರಿನ ಶೆಟ್ಟರ ಅಂಗಡಿಯಲ್ಲಿ ಮೊಮ್ಮಗನಿಗೆ ಬಿಸ್ಕೆಟ್ಟು ಕೊಳ್ಳುವ ಅಜ್ಜಿಗೆ ಅದು ಇದ್ದರೂ ಇಲ್ಲದಂತೆಯೇ. ಪದಾರ್ಥಗಳ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕೆಂಬುದು ನಿಯಮ. ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಒಂದನ್ನೇ ಮೂರಾಗಿ ಹಂಚಿದರೆ ಯಾವುದೂ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಟೊಮೆಟೊ ಕೆಚಪ್ಪಿನಲ್ಲಿ ಕಾಲು ಭಾಗದ ಹತ್ತಿರ ಸಕ್ಕರೆ ಇರುತ್ತದೆಂದು ನಮ್ಮ ಓಣಿಯ ಎಷ್ಟು ತಾಯಂದಿರಿಗೆ ಗೊತ್ತು? ಮಕ್ಕಳು ಎತ್ತರ ಬೆಳೆಯುತ್ತಾರೆಂದು ಮಾರುವ ಪುಡಿಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಿಂದ ತೆಗೆಯಿರಿ ಎಂದು ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ 2024ರ ಏಪ್ರಿಲ್‌ನಲ್ಲಿ ಹೇಳಬೇಕಾಯಿತು. ಅದನ್ನು ಅಷ್ಟು ವರ್ಷ ನಡೆಯಲು ಬಿಟ್ಟದ್ದು ನನಗೆ ಇಂದಿಗೂ ಸಿಟ್ಟು ತರಿಸುವ ಸಂಗತಿ.

ತೆರಿಗೆಯಲ್ಲೂ ನಾವು ಅರ್ಧ ದಾರಿಯಲ್ಲಿ ನಿಂತಿದ್ದೇವೆ. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ತಂಪು ಪಾನೀಯಗಳ ಮೇಲೆ ಹಾಕಿದ ತೆರಿಗೆ 100 ಮಿಲಿಗೆ 5 ಗ್ರಾಂ ಸಕ್ಕರೆ, 8 ಗ್ರಾಂ ಸಕ್ಕರೆ ಎಂದು ಮೆಟ್ಟಿಲುಗಳಲ್ಲಿ ಏರುತ್ತದೆ. ಅದರಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಕಂಪನಿಗಳು ಪಾನೀಯದಲ್ಲಿದ್ದ ಸಕ್ಕರೆಯನ್ನೇ ಇಳಿಸಿದವು. ನಮ್ಮಲ್ಲಿ ಗ್ಯಾಸ್ ತುಂಬಿದ ಪಾನೀಯಗಳಿಗೆ ಜಿಎಸ್‌ಟಿ ಬಂದಂದಿನಿಂದ ಶೇ. 40ರಷ್ಟು ಭಾರ ಇದೆ, ಆದರೆ ಒಳಗೆ 10 ಗ್ರಾಂ ಸಕ್ಕರೆ ಇದ್ದರೂ ಅಷ್ಟೇ, 3 ಗ್ರಾಂ ಇದ್ದರೂ ಅಷ್ಟೇ. ಸಕ್ಕರೆ ಕಡಿಮೆ ಮಾಡಿದವನಿಗೆ ಅದರಿಂದ ಯಾವ ಲಾಭವೂ ಇಲ್ಲ. ಶಾಲೆಗಳಲ್ಲಿ ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಇದೆಯೆಂದು ತೋರಿಸುವ ಫಲಕ ಹಾಕಬೇಕೆಂದು 2025ರ ಮೇ ತಿಂಗಳಲ್ಲಿ ಸಿಬಿಎಸ್ಇ ಸೂಚಿಸಿದ್ದು ಒಳ್ಳೆಯ ಕೆಲಸ. ಅದು ನಮ್ಮ ಹಳ್ಳಿಗಳ ಸರ್ಕಾರಿ ಶಾಲೆಗಳಿಗೂ ಕನ್ನಡದಲ್ಲಿ ಬರಲಿ.

ಇಷ್ಟನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ ಪ್ರಶ್ನೆಯನ್ನು ಬಿಟ್ಟು ಮುಗಿಸಲಾರೆ. “ಎಲ್ಲರೂ ಸಕ್ಕರೆ ಬುಟ್ರೆ ನಾವು ಏನವ್ವ ಮಾಡದು?” ಎಂದರು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದ ಮೇಲೆ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾದ ಮೇಲೆ, ನಮ್ಮ ಸೀಮೆ ಊಟ ಮಾಡಿದ್ದು ಕಬ್ಬಿನಿಂದ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಕಬ್ಬಿನ ಬಿಲ್ಲಿನಿಂದ. ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ದೇಶದಲ್ಲಿ ಹೆಚ್ಚು ಸಕ್ಕರೆ ತಯಾರಿಸುವುದು ಕರ್ನಾಟಕವೇ. ಆದ್ದರಿಂದ ಅವರ ಪ್ರಶ್ನೆಗೆ ತೇಲಿಸಿ ಉತ್ತರ ಹೇಳುವಂತಿಲ್ಲ. ನಾನು ಹೇಳಿದ್ದು ಇದು: ದೇಶದಲ್ಲಿ ಖರ್ಚಾಗುವ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಪಾನೀಯ, ಬಿಸ್ಕೆಟ್ಟು, ಮಿಠಾಯಿ ತಯಾರಿಸುವವರ ಗೋದಾಮಿಗೆ, ಮನೆಗಳ ಡಬ್ಬಿಗಲ್ಲ. ಕಬ್ಬಿನಿಂದ ಈಗ ಎಥನಾಲ್ ಕೂಡ ಆಗುತ್ತಿದೆ, ಪೆಟ್ರೋಲಿಗೆ ಅದನ್ನು ಶೇ. 20ರಷ್ಟು ಬೆರೆಸುವ ಹಂತವನ್ನು ದೇಶ 2025ರಲ್ಲಿ ಮುಟ್ಟಿದೆ. ಜನರ ಕಾಫಿಯಲ್ಲಿ ಒಂದು ಚಮಚ ಕಡಿಮೆಯಾದರೆ ಗದ್ದೆಯ ಕಬ್ಬು ಒಣಗಬೇಕಾಗಿಲ್ಲ. ಬೆಳೆಗಾರನಿಗೆ ಸಿಗುವ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ, 2025–26ರ ಹಂಗಾಮಿಗೆ ಅದು ಶೇ. 10.25 ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ ಕ್ವಿಂಟಾಲಿಗೆ 355 ರೂಪಾಯಿ. ಅಪ್ಪನ ನಿಜವಾದ ಕಷ್ಟ ಬೇರೆ: ಕಟಾವಿಗೆ ಆಳು ಸಿಗದಿರುವುದು, ಕಡಿದ ಕಬ್ಬು ಲಾರಿಗೆ ಕಾದು ತೂಕ ಕಳೆದುಕೊಳ್ಳುವುದು, ಬಿಲ್ಲು ತಿಂಗಳುಗಟ್ಟಲೆ ತಡವಾಗುವುದು. ಅದಕ್ಕೆ ಹೋರಾಡಬೇಕಾದ ಜಾಗಗಳೂ ಬೇರೆ ಇವೆ, ಅವರು ಹೋರಾಡುತ್ತಲೂ ಇದ್ದಾರೆ. ಈ ವರ್ಷ ನಮ್ಮ ಎರಡು ಎಕರೆಯಲ್ಲಿ ಅರ್ಧ ಎಕರೆಗೆ ರಾಗಿ ಹಾಕಿ ನೋಡೋಣ ಎಂದು ತಮ್ಮ ಹೇಳುತ್ತಿದ್ದಾನೆ. ಅಪ್ಪ ಇನ್ನೂ ಒಪ್ಪಿಲ್ಲ.